ಆಮೆಯ ಹೆಜ್ಜೆ ಗುಡಿಸಿದ ಅವ್ವ

ಪಣಜಿಯಲ್ಲಿ ನಾನಿರುವ ಬಿಲ್ಡಿಂಗಿನ ಎದುರುಮನೆಯ ಆಂಟಿಗೆ ನನ್ನ ಮೇಲೆ ಬಹಳ ದಿನಗಳಿಂದ ಒಂದು ಅನುಮಾನವಿತ್ತು. ಬೆಳಗಾದರೆ ಸಾಕು, ನಾನು ಕಸಬರಿಗೆ ಹಿಡಿದು ನನ್ನ ಬಾಗಿಲ ಮುಂದಿನ ಜಾಗ, ಮೆಟ್ಟಿಲು, ಒಮ್ಮೊಮ್ಮೆ ಅವರ ಬಾಗಿಲ ಮುಂದೆಯೂ ಗುಡಿಸುತ್ತಿರುತ್ತೇನೆ. ಬಿಲ್ಡಿಂಗಿನವರೆಲ್ಲ ಸೇರಿ ಗುಡಿಸಲು ಆಳು ಇಟ್ಟಿದ್ದಾರೆ. ಆದರೂ ಈಕೆಯದೇನು ಇದು? ಕೊನೆಗೆ ಒಂದು ದಿನ ತಡೆಯಲಾರದೆ ಕೇಳಿಯೇ ಬಿಟ್ಟರು, ಕಿವಿಯೋಲೆ ಗೀಲೆ ಏನಾದರೂ ಕಳೆದಿದೆಯಾ ಅಂತ. ಇಲ್ಲ, ಸುಮ್ಮನೆ ರೂಢಿ ಅಂದೆ. ಅವರು ನಂಬಿದಂತೆ ಕಾಣಲಿಲ್ಲ.

ನಿಮ್ಮ ಮುಂದೆ ಮುಚ್ಚುಮರೆ ಏನು? ನನ್ನ ಮಂಚದ ಕೆಳಗೆ ಏನಿದೆ ಎಂದು ಈ ಮನೆಗೆ ಬಂದಾಗಿನಿಂದ ನಾನು ನೋಡಿಲ್ಲ. ಪುಸ್ತಕದ ಕಪಾಟಿನ ಮೇಲಿನ ಧೂಳಿನಲ್ಲಿ ಮೆಂತ್ಯ ಸೊಪ್ಪು ಬೆಳೆಯಬಹುದು. ಆದರೆ ಬಾಗಿಲ ಮುಂದೆ ಒಂದು ಕಡ್ಡಿ ಬಿದ್ದಿದ್ದರೂ ನನಗೆ ಚಹಾ ಗಂಟಲಲ್ಲಿ ಇಳಿಯುವುದಿಲ್ಲ. ಒಳಗೆ ಹೇಗಾದರೂ ಇರಲಿ, ಹೊರಗೆ ಚೊಕ್ಕ ಇರಬೇಕು. ಇದು ಅವ್ವನಿಂದ ನನಗೆ ಬಂದ ಆಸ್ತಿ. ಬೇರೆ ಆಸ್ತಿ ನಮ್ಮಲ್ಲಿ ಇರಲೂ ಇಲ್ಲ ಬಿಡಿ.

ನಾವು ನದಾಫರು, ವಿಜಯಪುರದ ಕಡೆಯವರು. ಗಾದಿಗೆ ಹತ್ತಿ ತುಂಬುವುದು ಅಜ್ಜನ ಕಸುಬು. ಅದು ಹೊಟ್ಟೆಗೆ ಸಾಲದಾದಾಗ ಅಪ್ಪ ಅವ್ವನನ್ನು ಕರೆದುಕೊಂಡು ಗೋವೆಗೆ ಬಂದು ವಾಸ್ಕೋ ಬಂದರಿನಲ್ಲಿ ಹಮಾಲಿ ಹಿಡಿದ. ಮನೆಯಲ್ಲಿ ಕನ್ನಡ, ನಮಾಜಿಗೆ ಅರಬ್ಬಿ, ಬೀದಿಯಲ್ಲಿ ಹಿಂದಿ, ಕೊಂಕಣಿ ಎಲ್ಲ ಕಲಸಿದ ಒಂದು ಭಾಷೆ. ನಾನು ಹುಟ್ಟಿ ಬೆಳೆದದ್ದು ವಾಸ್ಕೋದ ಬಾಯ್ನಾ ದಂಡೆಯ ಮೇಲಿನ ಒಂದು ತಗಡಿನ ಮನೆಯಲ್ಲಿ. ಬಾಗಿಲು ತೆಗೆದರೆ ಉಸುಕು, ಉಸುಕಿನಾಚೆ ಸಮುದ್ರ. ನಾವು ತಿಂದ ರೊಟ್ಟಿಯಲ್ಲೂ ಸ್ವಲ್ಪ ಉಸುಕು ಇರುತ್ತಿತ್ತು. ಹಲ್ಲಿಗೆ ಕರ್ ಅನ್ನದ ರೊಟ್ಟಿ ತಿಂದಾಗ ಇಂದಿಗೂ ನನಗೆ ಊಟದಲ್ಲಿ ಏನೋ ಕಡಿಮೆಯಾದಂತೆ ಅನಿಸುತ್ತದೆ.

ಅಂಥ ಕಡೆ ಅವ್ವ ದಿನಾ ಬೆಳಗ್ಗೆ ಅಂಗಳ ಗುಡಿಸುತ್ತಿದ್ದಳು. ಅಂಗಳವೆಂದರೆ ಬೀಚೇ. ನೀರು ಚಿಮುಕಿಸಿ, ತೆಂಗಿನ ಕಡ್ಡಿಯ ಕಸಬರಿಗೆಯಿಂದ ಅರ್ಧಚಂದ್ರದ ಹಾಗೆ ಗೀರು ಎಳೆಯುತ್ತ ಹಿಂದಕ್ಕೆ ಹಿಂದಕ್ಕೆ ಬರುತ್ತಿದ್ದಳು. ತಾನು ಗುಡಿಸಿದ್ದರ ಮೇಲೆ ತನ್ನದೇ ಕಾಲು ಬೀಳಬಾರದು. ಅಕ್ಕಪಕ್ಕದವರು ರಂಗೋಲಿ ಹಾಕುತ್ತಿದ್ದರು, ಅವ್ವನಿಗೆ ಆ ಗೀರುಗಳೇ ರಂಗೋಲಿ. ನೆರೆಮನೆಯಾಕೆ ನಗುತ್ತಿದ್ದಳು.

“ಅಲ್ಲ ಹುಸೇನಬಿ, ಉಸುಕಿನ ಮ್ಯಾಲಿಂದ ಉಸುಕು ಹೊಡದ್ರ ತಳದಾಗ ಏನ್ ಸಿಗತೈತಿ ನಿನಗ?”

“ಇಲ್ಲಿ ಮನಷ್ಯಾರು ಅದಾರ ಅಂತ ಕಾಣಬೇಕಲ್ಲ,” ಎನ್ನುತ್ತಿದ್ದಳು ಅವ್ವ.

ಬಾಯ್ನಾದ ಮನೆಗಳನ್ನು ಸರಕಾರದವರು ಕೆಡವಿದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಆ ಬೆಳಗ್ಗೆಯೂ ಅವ್ವ ಅಂಗಳ ಗುಡಿಸಿದ್ದಳು. ಬರುವವರು ಯಾರೇ ಇರಲಿ, ಹೊಲಸು ಮನೆ ಅನ್ನಬಾರದು ಎಂದು. ಅವರು ಬಂದಾಗ ಅವ್ವ ಮುಂದೆ ಹೋಗಿ, ನಾವು ಮದುವೆಯಾದಾಗಿನಿಂದ ಇಲ್ಲೇ ಇದ್ದೇವೆ ಎಂದು ಹೇಳಿದಳು. ಕಾಗದ ಇದೆಯೇ ಎಂದು ಕೇಳಿದರು. ಇರಲಿಲ್ಲ. ಅವಳ ಹತ್ತಿರ ಇದ್ದದ್ದು ಬಾಯಿಮಾತು, ಅದನ್ನು ಕೇಳಲು ಅಲ್ಲಿ ಯಾರಿಗೂ ಪುರಸೊತ್ತಿರಲಿಲ್ಲ. ಅದರ ಬಗ್ಗೆ ಈಗ ಯಾರ ಮೇಲೂ ಸಿಟ್ಟು ಮಾಡುತ್ತ ಕೂಡುವ ಮನಸ್ಸು ನನಗಿಲ್ಲ. ಮುಂದೆ ಹೇಳುವುದು ತಿಳಿಯಲಿ ಎಂದು ಇಷ್ಟು ಹೇಳಿದೆ.

ಎಲ್ಲಿಂದ ಎಲ್ಲಿಗೋ ಬಂದೆ. ಆಮೆಯ ಕತೆ ಹೇಳಬೇಕಿತ್ತು. ಅದಕ್ಕೂ ಮೊದಲು ಅಳಿಲಿನದೊಂದಿದೆ, ಹೇಳಿಬಿಡುತ್ತೇನೆ.

ಶಾಲೆಯಲ್ಲಿದ್ದಾಗ ನಮ್ಮನ್ನು ಕಾಣಕೋಣದ ಅಭಯಾರಣ್ಯಕ್ಕೆ ಕರೆದೊಯ್ದಿದ್ದರು. ಇದು ಪ್ರಾಣಿಗಳ ಮನೆ, ನಾವು ಬೀಗರು, ಬೀಗರ ಹಾಗೆ ಇರಬೇಕು ಎಂದು ಮಾಸ್ತರರು ಬಸ್ಸಿನಲ್ಲೇ ತಾಕೀತು ಮಾಡಿದ್ದರು. ನಮ್ಮ ಕಡೆಯ ಬೀಗರು ಹೇಗಿರುತ್ತಾರೆ ಎಂದು ಅವರು ಮರೆತಿರಬೇಕು. ನಾವು ಹಾಡಿದೆವು, ಜಗಳಾಡಿದೆವು, ಕಟ್ಟಿಕೊಂಡು ಹೋದ ರೊಟ್ಟಿ, ಶೇಂಗಾ ಚಟ್ನಿ ಎಲ್ಲ ಬಿಚ್ಚಿ ಹರವಿದೆವು. ಹುಲಿಯನ್ನು ಎಲ್ಲೋ ಮರಕ್ಕೆ ಕಟ್ಟಿಹಾಕಿರುತ್ತಾರೆ, ಮೇಕೆಯ ಹಾಗೆ ನೋಡಿ ಬರಬಹುದು ಎಂದು ನಾನು ತಿಳಿದಿದ್ದೆ. ಕಂಡದ್ದು ಒಂದು ಕೆಂಚು ಅಳಿಲಿನ ಬಾಲ, ಅದೂ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಎಲೆಯೊಳಗೆ ಮಾಯವಾಯಿತು. ಮನೆಗೆ ಬಂದು ಹೇಳಿದರೆ, ಬಾಲ ನೋಡಲು ಅಷ್ಟು ದೂರ ಹೋಗಿದ್ದಿರೇನು ಎಂದು ಅವ್ವ ನಕ್ಕಳು. ಅವಳಿಗೆ ಬೆರಗೆನಿಸಿದ್ದು ಬೇರೆಯೇ. ಆ ಅಡವಿಗೆ ಗೇಟು ಇದೆ, ಗೇಟಿಗೆ ಕಾವಲುಗಾರನಿದ್ದಾನೆ, ಒಳಗಿರುವ ಪ್ರಾಣಿಗಳನ್ನು ಯಾರೂ ಎಬ್ಬಿಸುವಂತಿಲ್ಲ ಎಂದು ನಾನು ಹೇಳಿದ್ದನ್ನು ಎರಡೆರಡು ಸಲ ಕೇಳಿಸಿಕೊಂಡಳು.

ಬಾಯ್ನಾ ಹೋದ ಮೇಲೆ ನಾವು ಅಲ್ಲಿ ಇಲ್ಲಿ ಬಾಡಿಗೆ ಮನೆಗಳಲ್ಲಿ ಇದ್ದೆವು. ಅಪ್ಪ ತೀರಿಕೊಂಡ. ನನಗೆ ಪಣಜಿಯಲ್ಲಿ ಒಂದು ಖಾಸಗಿ ಆಫೀಸಿನಲ್ಲಿ ಕೆಲಸ ಸಿಕ್ಕಿತು. ನನ್ನ ಜೊತೆಗಿರು ಎಂದರೆ ಅವ್ವ ಒಪ್ಪಲಿಲ್ಲ. ಮೂರನೆಯ ಮಹಡಿಯಲ್ಲಿ ಅಂಗಳವೇ ಇಲ್ಲವಲ್ಲ! ಕಾಣಕೋಣದ ಒಂದು ಸಣ್ಣ ಬೀಚಿನ ಶ್ಯಾಕಿನಲ್ಲಿ ಪಾತ್ರೆ ತೊಳೆಯುವ, ಗುಡಿಸುವ ಕೆಲಸ ಹಿಡಿದಳು. ಬಿದಿರು, ತೆಂಗಿನ ಗರಿಯಲ್ಲಿ ಕಟ್ಟಿ, ಮಳೆಗಾಲಕ್ಕೆ ಮುಂಚೆ ಬಿಚ್ಚಿಡುವ ಹೋಟೆಲಿಗೆ ಗೋವೆಯಲ್ಲಿ ಶ್ಯಾಕ್ ಅನ್ನುತ್ತಾರೆ. ಅದರ ಹಿಂದೆಯೇ ಅವಳಿಗೊಂದು ಖೋಲಿ. ಮುಂದೆ ಮತ್ತೆ ಉಸುಕು, ಮತ್ತೆ ಸಮುದ್ರ. ಅವಳಿಗೆ ಇದಕ್ಕಿಂತ ಇನ್ನೇನು ಬೇಕು? ಶ್ಯಾಕಿನ ಮಾಲೀಕರನ್ನು ಎಲ್ಲರೂ ಶೇಟ್ ಅನ್ನುತ್ತಿದ್ದರು. ಕೆಟ್ಟವರಲ್ಲ. ವರ್ಷವಿಡೀ ಕಾದು ಕೆಲವೇ ತಿಂಗಳು ದುಡಿಯುವವರಿಗೆ ಇರುವಷ್ಟು ಸಿಡಿಮಿಡಿ ಅವರಿಗೂ ಇತ್ತು.

ಆ ಬೀಚಿಗೆ ಚಳಿಗಾಲದಲ್ಲಿ ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ. ಅದಕ್ಕೇ ಅದು ಕಾಯ್ದಿಟ್ಟ ಜಾಗ. ಕಾಯುವುದಕ್ಕೆ ಪುರ್ಸೊ ಎಂಬ ಸ್ಥಳೀಯ ಮನುಷ್ಯ, ಅರಣ್ಯ ಇಲಾಖೆಯ ಕಾವಲುಗಾರ. ಒಂದೂ ಮರವಿಲ್ಲದ ಕಡೆ ಅರಣ್ಯದವರಿಗೆ ಏನು ಕೆಲಸ ಎಂದು ಅವ್ವ ಮೊದಲು ಅವನನ್ನೇ ಕೇಳಿದ್ದಳಂತೆ. ಅವನು ನಕ್ಕು, ತಾನು ಹೆಜ್ಜೆ ನೋಡುವವನು ಎಂದನಂತೆ. ಆಮೆ ರಾತ್ರಿ ಬಂದು, ಗುಂಡಿ ತೋಡಿ, ಮೊಟ್ಟೆಯಿಟ್ಟು, ಮುಚ್ಚಿ ಹೋಗಿಬಿಡುತ್ತದೆ. ಬೆಳಗ್ಗೆ ಉಸುಕಿನ ಮೇಲೆ ಅದು ತೆವಳಿದ ಗುರುತು ಇರುತ್ತದೆ. ಆ ಗುರುತು ಹಿಡಿದು ಹೋಗಿ, ಗೂಡು ಎಲ್ಲಿದೆ ಎಂದು ಕಂಡುಕೊಂಡು ಸುತ್ತ ಬಿದಿರು, ಬಲೆಯ ಬೇಲಿ ಹಾಕುವುದು ಅವನ ಕೆಲಸ. ಬೇಲಿ ಇಲ್ಲದಿದ್ದರೆ ನಾಯಿ ಕೆದರುತ್ತದೆ, ಜನ ತುಳಿಯುತ್ತಾರೆ, ಶ್ಯಾಕಿನವರು ಮೇಜಿನ ಕೊಡೆ ನೆಡಲು ಗೂಟ ಬಡಿಯುತ್ತಾರೆ.

ಇಷ್ಟು ಹೇಳಿದ ಮೇಲೆ ಏನಾಗಿರಬೇಕು ಎಂದು ನಿಮಗೆ ಹೊಳೆದಿರುತ್ತದೆ. ಅವ್ವ ಸೂರ್ಯ ಹುಟ್ಟುವ ಮೊದಲೇ ಎದ್ದು ಶ್ಯಾಕಿನ ಮುಂದೆ ಗುಡಿಸುವವಳು. ಒಂದು ದಿನ ಉಸುಕಿನ ಮೇಲೆ ಟ್ರ್ಯಾಕ್ಟರ್ ಗಾಲಿ ಹೋದಂಥ ಗುರುತಿತ್ತು. ಯಾರೋ ದೋಣಿ ಎಳೆದಿರಬೇಕು ಅಂದುಕೊಂಡಳು. ಒಂದು ಕಡೆ ಉಸುಕು ಎದ್ದಿತ್ತು. ನಾಯಿಯ ಕೆಲಸ ಅಂದುಕೊಂಡಳು. ಎದ್ದದ್ದನ್ನು ಸಮ ಮಾಡಿ, ಗುರುತನ್ನೆಲ್ಲ ಅಳಿಸಿ, ತನ್ನ ಅರ್ಧಚಂದ್ರಗಳನ್ನು ಎಳೆದು, ಕಸಬರಿಗೆ ಕೊಡವಿಟ್ಟಳು. ಕೆಳಗೆ ನೀರಿನ ಕಡೆಗಿದ್ದ ಗುರುತನ್ನು ಉಬ್ಬರದ ನೀರು ಅಳಿಸಿತ್ತು. ಪುರ್ಸೊ ಬಂದ, ನೋಡಿದ, ಏನೂ ಇಲ್ಲ ಎಂದು ಅವಳ ಕೈಯ ಚಹಾವನ್ನೇ ಕುಡಿದು ಮುಂದೆ ಹೋದ.

ಕೆಲವು ದಿನಗಳಾದ ಮೇಲೆ ಬೀಚಿನ ಆಚೆ ತುದಿಯಲ್ಲಿ ಆಮೆ ಬಂದುಹೋಗಿದೆ ಎಂದು ಗದ್ದಲವಾಯಿತು. ಎಲ್ಲರೂ ನೋಡಲು ಹೋದರು, ಅವ್ವನೂ ಹೋದಳು. ಪುರ್ಸೊ ಗುರುತು ತೋರಿಸಿದ. ಅವ್ವ ನೋಡಿದಳು. ಅದೇ ಟ್ರ್ಯಾಕ್ಟರ್ ಗಾಲಿ, ಅದೇ ಎದ್ದ ಉಸುಕು.

ಮಧ್ಯಾಹ್ನ ನನಗೆ ಅವ್ವನ ಫೋನ್ ಬಂತು. ಅಳುವ ದನಿ. ಯಾರಿಗೂ ಗೊತ್ತಿಲ್ಲ, ತಾನು ಹೇಳದಿದ್ದರೆ ಗೊತ್ತಾಗುವುದೂ ಇಲ್ಲ. ಹೇಳಿದರೆ ಶ್ಯಾಕಿನ ಮುಂದೆಯೇ ಬೇಲಿ ಬೀಳುತ್ತದೆ, ಕ್ರಿಸ್‌ಮಸ್ಸಿನ ಸುಗ್ಗಿಯಲ್ಲಿ ಮುಂದಿನ ಸಾಲಿನ ಮೇಜುಗಳು ಹೋಗುತ್ತವೆ, ಶೇಟ್ ತನ್ನನ್ನು ಇಟ್ಟುಕೊಳ್ಳುವುದಿಲ್ಲ. ಕೆಲಸದ ಜೊತೆ ಖೋಲಿಯೂ ಹೋಗುತ್ತದೆ. ನಾನು, ಈ ಭಾನುವಾರ ಬರುತ್ತೇನೆ, ಕೂತು ವಿಚಾರ ಮಾಡೋಣ ಎಂದೆ. ಕೂತು ವಿಚಾರ ಮಾಡುವುದರಲ್ಲಿ ನಮ್ಮಂಥ ಓದಿದವರದು ಎತ್ತಿದ ಕೈ. ಭಾನುವಾರ ನಾನು ಬಸ್ಸಿಳಿದು ಹೋಗುವಷ್ಟರಲ್ಲಿ ಬೇಲಿ ಎದ್ದು ನಿಂತಿತ್ತು.

ಅವ್ವ ಫೋನಿಟ್ಟವಳೇ ನೇರ ಪುರ್ಸೊನ ಹತ್ತಿರ ಹೋಗಿ ಹೇಳಿಬಿಟ್ಟಿದ್ದಳು. ಅವನು ಬೈಯಲಿಲ್ಲವಂತೆ. “ಖಂಯ್ ಮಾವಶಿ?” ಎಂದು ಇಷ್ಟೇ ಕೇಳಿದನಂತೆ, ಎಲ್ಲಿ ಚಿಕ್ಕಮ್ಮಾ ಅಂತ. ಅವ್ವ ಕೈ ಆಡಿಸುತ್ತ ಇಲ್ಲಿಂದ ಇಲ್ಲಿಗೆ ಎಂದು ತೋರಿಸಿದಳು. ಸರಿಯಾಗಿ ಎಲ್ಲಿ ಎಂದು ಅವಳಿಗೂ ನೆನಪಿರಲಿಲ್ಲ. ಕೋಲು ಚುಚ್ಚಿ ಹುಡುಕುವಂತಿರಲಿಲ್ಲ, ಮೊಟ್ಟೆ ಒಡೆದೀತು. ಇಷ್ಟು ದಿನವಾದ ಮೇಲೆ ತೆಗೆದು ಬೇರೆ ಕಡೆ ಇಡುವಂತೆಯೂ ಇರಲಿಲ್ಲ, ಅಲುಗಿದರೆ ಒಳಗಿನ ಮರಿ ಸಾಯುತ್ತದೆ. ಹಾಗಾಗಿ ಅವಳು ತೋರಿಸಿದಷ್ಟು ಜಾಗಕ್ಕೂ ಬೇಲಿ. ಅಂಥ ದೊಡ್ಡ ಬೇಲಿಯನ್ನು ಆ ಬೀಚಿನಲ್ಲಿ ಯಾವ ಆಮೆಯೂ ಕಂಡಿರಲಿಕ್ಕಿಲ್ಲ.

ನನಗೆ ಅವ್ವ ಆಮೆಯ ಬಗ್ಗೆ ಹೇಳಿದ್ದು ಕಡಿಮೆ.

“ಕಾಗದಾ ಕೇಳಲಿಲ್ಲ ನೋಡವಾ ಅವ. ಹೆಬ್ಬಟ್ಟೂ ಕೇಳಲಿಲ್ಲ. ನಾ ಹೇಳಿದೆ, ಅವ ಬೇಲಿ ಹಾಕಿದಾ. ಸರಕಾರದ ಮನಷ್ಯಾ ಅದಾನ ಅಂವಾ.”

ಇದನ್ನು ಅವಳು ಆ ಭಾನುವಾರ ರೊಟ್ಟಿ ಬಡಿಯುತ್ತ ಒಮ್ಮೆ, ಉಂಡು ಕೈ ತೊಳೆಯುತ್ತ ಒಮ್ಮೆ, ನನ್ನನ್ನು ಬಸ್ಸು ಹತ್ತಿಸುವಾಗ ಮತ್ತೊಮ್ಮೆ ಹೇಳಿದಳು.

ಶೇಟ್ ಮಾತ್ರ ಕೆಂಡವಾಗಿದ್ದರು. ನಾನಿರುವಾಗಲೇ ಬಂದು, ಆಮೆ ಒಮ್ಮೊಮ್ಮೆ ದಂಡೆಗೆ ಬಂದು ಮೊಟ್ಟೆ ಇಡದೆಯೇ ವಾಪಸ್ಸು ಹೋಗುತ್ತದೆ, ಅದು ಪುರ್ಸೊಗೂ ಗೊತ್ತು, ಈ ಮುದುಕಿಯ ಮಾತು ಕೇಳಿ ಖಾಲಿ ಉಸುಕಿಗೆ ಬೇಲಿ ಹಾಕಿದ್ದಾನೆ ಎಂದರು. ಮರಿ ಬಂದರೆ ಅವಳು ಇರಲಿ, ಬರದಿದ್ದರೆ ಬೇಲಿ ಕೀಳುವ ದಿನವೇ ಗಂಟು ಕಟ್ಟಲಿ. ಅವ್ವ ತಲೆ ಬಗ್ಗಿಸಿ ನಿಂತಿದ್ದಳು. ಆಗಲಿ ಎಂದಳು. ನಾನು ಏನೋ ಹೇಳಲು ಬಾಯಿ ತೆರೆದೆ, ಅವಳು ಕಣ್ಣಲ್ಲೇ ಸುಮ್ಮನಾಗಿಸಿದಳು.

ಅಲ್ಲಿಂದ ಮುಂದೆ ನಾನು ಪ್ರತಿ ಭಾನುವಾರ ಹೋಗತೊಡಗಿದೆ. ಮೊಬೈಲಿನಲ್ಲಿ ಆಮೆಯ ಬಗ್ಗೆ ಸಿಕ್ಕಿದ್ದೆಲ್ಲ ಓದಿಕೊಂಡು ಹೋಗಿ ಅವ್ವನಿಗೆ ಪಾಠ ಹೇಳುವುದು ನನ್ನ ಚಾಳಿಯಾಯಿತು. ಅವಳು ಒಂದು ಕಿವಿಯಲ್ಲಿ ಕೇಳಿ ಮೀನಿನ ಪಾತ್ರೆ ತಿಕ್ಕುತ್ತಿದ್ದಳು. ಒಮ್ಮೆ ಮಾತ್ರ ಕೈ ನಿಲ್ಲಿಸಿದಳು. ಮೊಟ್ಟೆಯಲ್ಲಿ ಗಂಡೋ ಹೆಣ್ಣೋ ಎಂಬುದು ಉಸುಕಿನ ಕಾವಿನ ಮೇಲೆ ಹೋಗುತ್ತದೆ, ಬಿಸಿಲು ಜಾಸ್ತಿ ಬಿದ್ದರೆ ಹೆಣ್ಣು, ನೆರಳಲ್ಲಿ ತಂಪಿದ್ದರೆ ಗಂಡು ಎಂದು ನಾನು ಹೇಳಿದೆ.

“ಖರೇ ಐತಿ ಬಿಡು,” ಎಂದಳು ಅವ್ವ. “ಎಲ್ಲಿ ನೋಡಿದ್ರೂ ಗಂಡಸೂರು ನೆರಳಾಗ ಕುಂತಿರ್ತಾರ. ಬಿಸಲಾಗ ನಾವ.”

ಬೇಲಿ ಅವಳಿಗೊಂದು ಹೊಸ ಕಷ್ಟ ತಂದಿತ್ತು. ಒಳಗೆ ಗುಡಿಸುವಂತಿಲ್ಲ. ತೆಂಗಿನ ಗರಿ, ಚಿಪ್ಸಿನ ಪೊಟ್ಟಣ, ಯಾರದೋ ಹರಿದ ಚಪ್ಪಲಿ, ಗಾಳಿ ತಂದು ಹಾಕಿದ್ದೆಲ್ಲ ಅವಳ ಕಣ್ಣೆದುರೇ ಬಿದ್ದಿರುತ್ತಿತ್ತು. ಬೇಲಿಯಾಚೆಯಿಂದ ಕೈ ಚಾಚಿ ಸಿಕ್ಕಿದಷ್ಟು ಹೆಕ್ಕುತ್ತಿದ್ದಳು. ಪುರ್ಸೊ ಬಂದರೆ ಶಾಲೆಯ ಹುಡುಗಿಯ ಹಾಗೆ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು. ಪರದೇಶದ ಗಿರಾಕಿಗಳು ಬಂದು ಖಾಲಿ ಉಸುಕಿನ ಫೋಟೊ ತೆಗೆಯುವರು. ಅವ್ವ ಸೆರಗು ಸರಿಮಾಡಿಕೊಂಡು, ಒಳಗೆ ಮಕ್ಕಳಿವೆ, ಗದ್ದಲ ಮಾಡಬೇಡಿ ಎಂದು ಹಿಂದಿಯಲ್ಲಿ ಹೇಳುವಳು. ಎಲ್ಲಿ ಎಂದು ಕೇಳಿದರೆ ಬೇಲಿಯ ಈ ತುದಿಯಿಂದ ಆ ತುದಿಯವರೆಗೂ ಕೈ ಆಡಿಸುವಳು.

ದಿನಗಳು ಹೋದವು. ಆಚೆ ತುದಿಯ ಗೂಡು, ನಮ್ಮದಕ್ಕಿಂತ ತಡವಾಗಿ ಆದದ್ದು, ಮೊದಲು ಒಡೆಯಿತು. ಮರಿಗಳು ನೀರಿಗೆ ಹೋದವು ಎಂದು ಪುರ್ಸೊ ಬಂದು ಹೇಳಿದ, ಹೇಳುವಾಗ ಅವ್ವನ ಮುಖ ನೋಡಲಿಲ್ಲ. ಅವ್ವ ಅಂದು ಉಣ್ಣಲಿಲ್ಲವೆಂದು ಅಡುಗೆಯವನು ನನಗೆ ಫೋನು ಮಾಡಿದ. ಈ ಗೂಡಿಗೆ ಶ್ಯಾಕಿನ ನೆರಳು ಬೀಳುತ್ತದೆ, ನೆರಳಿಗೆ ತಡವಾಗುತ್ತದೆ ಎಂದು ಪುರ್ಸೊ ತನ್ನ ಮೇಲಿನವರಿಗೆ ಹೇಳಿ ಒಂದಷ್ಟು ದಿನ ಕೇಳಿಕೊಂಡ. ಆ ದಿನಗಳೂ ಮುಗಿದವು. ಭಾನುವಾರ ಬೇಲಿ ಕೀಳುವುದೆಂದಾಯಿತು.

ಶನಿವಾರವೇ ನಾನು ಹೋದೆ, ಅವಳನ್ನು ಕರೆತರಲು. ಅವ್ವ ಪಾತ್ರೆ, ಬಟ್ಟೆ, ಅಪ್ಪನ ಫೋಟೊ ಎಲ್ಲ ಒಂದು ಚೀಲಕ್ಕೆ ತುಂಬಿ ಬಾಗಿಲಲ್ಲಿ ಇಟ್ಟಿದ್ದಳು. ಮೊಟ್ಟೆ ಇದ್ದವು, ತಾನೇ ಎದ್ದ ಉಸುಕು ಸಮ ಮಾಡುವಾಗ ಗಟ್ಟಿಯಾಗಿ ತುಳಿದು ಕೆಡಿಸಿರಬೇಕು ಎಂದು ಒಮ್ಮೆ, ಮೊಟ್ಟೆಯೇ ಇರಲಿಲ್ಲವೇನೋ, ಪಾಪ ಆ ಪುರ್ಸೊಗೆ ತನ್ನಿಂದ ಮಾತು ಬಂತು ಎಂದು ಒಮ್ಮೆ ಹೇಳುತ್ತಿದ್ದಳು. ಕೆಲಸದ ಮಾತು, ಖೋಲಿಯ ಮಾತು ಆಡಲೇ ಇಲ್ಲ. ಪಣಜಿಯ ಮನೆಯ ಬಾಗಿಲ ಮುಂದೆ ಬಹಳ ಜಾಗವಿದೆ, ಮೆಟ್ಟಿಲೂ ಇವೆ ಎಂದೆ. ಅವಳು ಹೂಂ ಎಂದಳು.

ಬೆಳಕು ಹರಿಯುವ ಹೊತ್ತಿಗೆ ಎಚ್ಚರವಾದಾಗ ಅವಳು ಹಾಸಿಗೆಯಲ್ಲಿರಲಿಲ್ಲ. ಹೊರಗೆ ಬಂದರೆ ಬೇಲಿಯ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದಳು. ಬೇಲಿಯ ಗೂಟ ಕೀಳಲು ಬಂದ ಪುರ್ಸೊ ಅವಳ ಹತ್ತಿರವೇ ಬಗ್ಗಿ ನಿಂತಿದ್ದ. ಅವ್ವ ನನ್ನ ಕಡೆ ನೋಡಿ ತುಟಿಯ ಮೇಲೆ ಬೆರಳಿಟ್ಟಳು. ಬೇಲಿಯ ಒಂದು ಮೂಲೆಯಲ್ಲಿ ಉಸುಕು ಬಟ್ಟಲಿನ ಹಾಗೆ ಕುಸಿದಿತ್ತು. ನಾನು ಓದಿಕೊಂಡದ್ದರಲ್ಲಿ ಇದೂ ಇತ್ತು, ಆದರೆ ಆಗ ಒಂದೂ ನೆನಪಾಗಲಿಲ್ಲ.

ಮೊದಲು ಒಂದು ಕರಿ ಮೂತಿ ಬಂತು. ಅಲುಗದೆ ನಿಂತಿತು. ಆಮೇಲೆ ಉಸುಕು ಕುದಿಯುವ ಅನ್ನದ ಹಾಗೆ ಎದ್ದಿತು, ಒಂದರ ಮೇಲೊಂದು ಹತ್ತಿಕೊಂಡು ಮರಿಗಳು ಬಂದವು. ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟವು. ಪುರ್ಸೊ ಸಮುದ್ರದ ಕಡೆಯ ಬಲೆ ಎತ್ತಿದ. ಎಲ್ಲಿದ್ದವೋ ಕಾಗೆಗಳು, ಆ ಕ್ಷಣಕ್ಕೆ ಹಾಜರು. ನಾನು ದುಪಟ್ಟಾ ಬೀಸುತ್ತ ಅವುಗಳ ಹಿಂದೆ ಓಡಿದೆ, ಒಂದು ಕಡೆ ಎಡವಿ ಬಿದ್ದೆ ಕೂಡ. ಅಡುಗೆಯವನು ಸೌಟು ಹಿಡಿದೇ ಬಂದ. ಶೇಟ್ ಲುಂಗಿಯಲ್ಲೇ ಎದ್ದು ಬಂದು, ಮರಿಗಳು ಬೆಳಕಿನ ಕಡೆ ತಿರುಗದಿರಲಿ ಎಂದು ಶ್ಯಾಕಿನ ದೀಪ ಆರಿಸಿ, ತಾವೂ ಹುಶ್ ಹುಶ್ ಎನ್ನುತ್ತ ನೀರಿನ ತನಕ ಕಾವಲು ನಿಂತರು. ಮರಿಗಳು ಉರುಳುತ್ತ, ಏಳುತ್ತ, ಅಲೆ ಬಂದು ಹಿಂದಕ್ಕೆ ನೂಕಿದರೆ ಮತ್ತೆ ಮುಂದಕ್ಕೆ ಹೊರಡುತ್ತ, ಒಂದೊಂದಾಗಿ ನೀರು ಸೇರಿದವು.

ಕೊನೆಯದೂ ಹೋದ ಮೇಲೆ ನಾನು ಏದುಸಿರು ಬಿಡುತ್ತ ಅವ್ವನಿಗಾಗಿ ತಿರುಗಿ ನೋಡಿದೆ. ಅವಳು ಸಮುದ್ರದ ಕಡೆ ನೋಡುತ್ತಲೇ ಇರಲಿಲ್ಲ. ಶೇಟ್ ನಿಂತಲ್ಲಿಗೆ ಹೋಗಿ, ಅವರಿಗೆ ಕನ್ನಡ ಬರುವುದಿಲ್ಲ ಎಂಬುದನ್ನೂ ಮರೆತು, ಮುಖ ಎತ್ತಿ ಹೇಳಿದಳು.

“ನಾ ಸುಳ್ಳ ಹೇಳಿದ್ದಿಲ್ಲರಿ.”

ಇನ್ನೊಮ್ಮೆ ಹೇಳಿದಳು. ಆಮೇಲೆ ಅಲ್ಲೇ ಉಸುಕಿನ ಮೇಲೆ ಕೂತು, ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಬಾಯ್ನಾದ ಮನೆ ಬಿದ್ದ ದಿನ ಅವಳು ಅತ್ತಿರಲಿಲ್ಲ, ಅಪ್ಪನನ್ನು ಮತ್ತು ನನ್ನನ್ನು ಸಮಾಧಾನ ಮಾಡುವುದರಲ್ಲೇ ಆ ದಿನ ಕಳೆದಿತ್ತು. ನಾನು ಅವಳ ಬೆನ್ನ ಮೇಲೆ ಕೈಯಿಟ್ಟು ಕೂತೆ. ಪುರ್ಸೊ ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಬೇರೆ ಕಡೆ ನೋಡುತ್ತ ನಿಂತ.

ಶೇಟ್ ಶ್ಯಾಕಿನ ಹಿಂದಕ್ಕೆ ಹೋಗಿ, ಬಾಗಿಲಲ್ಲಿದ್ದ ಅವಳ ಚೀಲ ಎತ್ತಿ ಖೋಲಿಯೊಳಗೆ ಇಟ್ಟು ಬಂದರು.